ಮಿನ್ ಅಂದರೆ ಮೀನಲ್ಲ

ಮೊಯ್ದೀನನನ್ನು ಸ್ವೀಡನ್ನಿನಲ್ಲಿ ಮೊದಲು ಮೀನು ಎಂದು ಕರೆದವನು ಸ್ಯಾಂಡಿ. ಹಾಗೆಂದು ಮೊಯ್ದೀನ್ ತಿಳಿದುಕೊಂಡಿದ್ದ.

ಅದು 2016ರ ಅಕ್ಟೋಬರ್. ಟ್ರೋಲ್‌ಹೆಟ್ಟನ್ನಿನಲ್ಲಿ ವಿಮಾನದ ಎಂಜಿನ್ನಿಗೆ ಬೇಕಾದ ಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ಮೊಯ್ದೀನ್ ತಪಾಸಣೆ ವಿಭಾಗದ ಎಂಜಿನಿಯರ್. ಸ್ಯಾಂಡಿ ಅದೇ ವಾರ ಗುತ್ತಿಗೆಯ ಮೇಲೆ ಬಂದು ಪಕ್ಕದ ಮೇಜಿನಲ್ಲಿ ಕುಳಿತಿದ್ದ. ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯ ಒಂದು ಸಣ್ಣ ಬಂದರೂರಿನವನು. ಅರವತ್ತರ ಹತ್ತಿರದ ವಯಸ್ಸು, ಕೆಂಪು ಮುಖ, ಬಿಳಿ ಗಡ್ಡ. ಊರಿನ ಕಡೆ ಸಮುದ್ರದ ಎಣ್ಣೆಬಾವಿಗಳ ಕೆಲಸ ಕುಸಿದು ಬಿದ್ದದ್ದರಿಂದ ಈ ವಯಸ್ಸಿನಲ್ಲಿ ಒಂಟಿಯಾಗಿ ಸ್ವೀಡನ್ನಿಗೆ ಬಂದಿದ್ದ.

ಬೆಳಗಿನ ಫಿಕಾ, ಅಂದರೆ ಕಾಫಿ ವಿರಾಮದ ಹೊತ್ತು. ಎಲ್ಲರೂ ಕಾಫಿ ಯಂತ್ರದ ಮುಂದೆ ಸಾಲು ನಿಂತಿದ್ದರು. ಸ್ಯಾಂಡಿ ಮೊಯ್ದೀನನ ಹೆಗಲು ತಟ್ಟಿ, "ಫಿಟ್ ಲೈಕ್, ಮಿನ್?" ಎಂದ.

ಮೊಯ್ದೀನ್ ಎಂದಿನಂತೆ ನಕ್ಕು ತಲೆಯಾಡಿಸಿದ. ಅರ್ಥವಾಗದ ಮಾತಿಗೆ ತಲೆಯಾಡಿಸುವುದು ಅವನಿಗೆ ಸ್ವೀಡನ್ನಿಗೆ ಬಂದ ಮೇಲೆ ಅಂಟಿಕೊಂಡ ಅಭ್ಯಾಸ. ಮೇಜಿಗೆ ಹಿಂದಿರುಗಿ ಕುಳಿತ ಮೇಲೆ ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಸಿಕೊಂಡ. ಫಿಟ್ ಲೈಕ್ ಮೀನ್. ಮೀನಿನ ಹಾಗೆ ಫಿಟ್. ಅವನು ತನ್ನ ಹೊಟ್ಟೆ ನೋಡಿಕೊಂಡ. ಫಿಟ್ ಎನ್ನುವಂಥದ್ದು ಅಲ್ಲಿ ಏನೂ ಕಾಣಲಿಲ್ಲ. ಮೀನು ಎಲ್ಲಿಂದ ಬಂತು ಎಂಬುದು ಮಾತ್ರ ಅವನಿಗೆ ತಕ್ಷಣ ಹೊಳೆಯಿತು. ಹಿಂದಿನ ದಿನ ಮಧ್ಯಾಹ್ನ ಊಟದ ಕೋಣೆಯಲ್ಲಿ ಅವನು ಮೀನಿನ ಪುಳಿಮುಂಚಿ ಸಾರಿನ ಡಬ್ಬಿ ಬಿಸಿ ಮಾಡಿದ್ದ. ಇಲ್ಲಿನ ಮಕ್ರಿಲ್ ಎಂಬ ಮೀನು ಊರಿನ ಬಂಗುಡೆಯ ದಾಯಾದಿಯಂತಿರುತ್ತದೆ. ಅದರ ವಾಸನೆ ಕಾರಿಡಾರ್ ದಾಟಿ ಲಿಫ್ಟಿನವರೆಗೂ ಹೋಗಿತ್ತು. ಯಾರೂ ಏನೂ ಅಂದಿರಲಿಲ್ಲ, ಆದರೆ ಒಬ್ಬರು ಎದ್ದು ಕಿಟಕಿ ತೆರೆದಿದ್ದರು.

ಮೊಯ್ದೀನನ ಊರು ಉಳ್ಳಾಲ. ಅವನ ತಂದೆ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ರಬ್ಬರಿನ ಹಾರ್ನ್ ಒತ್ತುತ್ತಾ ಮನೆಮನೆಗೆ ಮೀನು ಮಾರಿ ಅವನನ್ನು ಓದಿಸಿದ್ದರು. ಎಂಜಿನಿಯರಿಂಗಿಗೆ ಮೈಸೂರಿನ ಹಾಸ್ಟೆಲ್ಲು ಸೇರಿದಾಗ ಈ ಸಂಗತಿ ಹೇಗೋ ಹುಡುಗರಿಗೆ ಗೊತ್ತಾಯಿತು. ಅಲ್ಲಿಂದ ನಾಲ್ಕು ವರ್ಷ ಅವನು ಮೀನ್ ಮೊಯ್ದೀನ್. ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಬಾಯಲ್ಲೇ ಹಾರ್ನ್ ಕೇಳುತ್ತಿತ್ತು. ಅವನೂ ಅವರ ಜೊತೆ ನಗುತ್ತಿದ್ದ. ಆದರೆ ಬೇರೆ ಊರು, ಬೇರೆ ದೇಶ ಎಂದು ಹೊರಟಾಗೆಲ್ಲ ಅವನಿಗೊಂದು ಸಮಾಧಾನವಿತ್ತು. ಅಲ್ಲಿ ತಾನು ಬರೀ ಮೊಯ್ದೀನ್.

ಮರುದಿನವೂ ಸ್ಯಾಂಡಿ, "ಆಯ್ ಆಯ್, ಮಿನ್" ಎಂದ. ಅದರ ಮರುದಿನ, "ಕಮ್ ಆನ್, ಮಿನ್, ಕಾಫಿ" ಎಂದ. ಮೊಯ್ದೀನ್ ತಲೆಯಾಡಿಸುತ್ತಲೇ ಇದ್ದ. ಡಬ್ಬಿಯಲ್ಲಿ ಮೀನು ತರುವುದನ್ನು ನಿಲ್ಲಿಸಿ ಚೀಸ್ ಸ್ಯಾಂಡ್‌ವಿಚ್ ತರಲು ಶುರುಮಾಡಿದ. ಆದರೂ ಕರೆ ನಿಲ್ಲಲಿಲ್ಲ.

ಅದೇ ಕಾರ್ಖಾನೆಯ ಇನ್ನೊಂದು ವಿಭಾಗದಲ್ಲಿ ಬೆಂಗಳೂರಿನ ಗೋಪಾಲ ಇದ್ದ. ಮೊಯ್ದೀನ್ ಬಸ್ಸಿನಲ್ಲಿ ಅವನ ಪಕ್ಕ ಕುಳಿತು ಮೆಲ್ಲಗೆ ವಿಷಯ ತೆಗೆದ.

"ಗೋಪಾಲ, ಈ 'ಮಿನ್' ಅಂದ್ರೆ ಏನು?"

"ಅಷ್ಟೂ ಗೊತ್ತಿಲ್ವಾ ಗುರು? ಸ್ವೀಡಿಷ್‌ನಲ್ಲಿ ಮಿನ್ ಅಂದ್ರೆ ನನ್ನ. ಮಿನ್ ಬಿಲ್, ನನ್ನ ಕಾರು. ಬೇಸಿಕ್ ಅದು."

"ಸ್ಯಾಂಡಿ ನನ್ನನ್ನ ಹಾಗೆ ಕರೀತಾನೆ."

ಗೋಪಾಲ ಅವನತ್ತ ತಿರುಗಿದ. "ನನ್ನೋನು ಅಂತಿರಬೇಕು. ಪ್ರೀತಿ ಇರುತ್ತೆ ಬಿಡು, ಒಂಟಿ ಮನುಷ್ಯ ಪಾಪ. ಇಲ್ಲಾ, ಟೀಸ್ ಮಾಡ್ತಿದಾನೆ ಅನ್ಸಿದ್ರೆ ಮ್ಯಾನೇಜರ್‌ಗೆ ಹೇಳು. ಇಲ್ಲಿ ಅದನ್ನೆಲ್ಲಾ ತುಂಬಾ ಸೀರಿಯಸ್ಸಾಗಿ ತಗೋತಾರೆ."

ಪ್ರೀತಿಯೋ ತಮಾಷೆಯೋ ಎಂಬ ಹೊಸ ಪ್ರಶ್ನೆ ಹೊತ್ತು ಮೊಯ್ದೀನ್ ಮನೆಗೆ ಬಂದ. ಮಗಳು ಸಹರ್ ಆರನೆಯ ತರಗತಿ. ಕೋಣೆಯಲ್ಲಿ ಸ್ವೀಡಿಷ್, ಅಡುಗೆಮನೆಯಲ್ಲಿ ಬ್ಯಾರಿ ಮತ್ತು ಕನ್ನಡ ಮಾತಾಡುವ ಹುಡುಗಿ. ಗೋಪಾಲನ ವಿವರಣೆಯನ್ನು ಅವಳು ಕೇಳಿದೊಡನೆ ತಳ್ಳಿಹಾಕಿದಳು.

"ಆಗಲ್ಲ ಉಪ್ಪ. ಮಿನ್ ಅಂದ್ಮೇಲೆ ಇನ್ನೊಂದು ವರ್ಡ್ ಬರ್ಬೇಕು. ನನ್ನ ಏನು? ನನ್ನ ಕಾರು, ನನ್ನ ನಾಯಿ. ಬರೀ ನನ್ನ ಅಂತ ಯಾರನ್ನಾದ್ರೂ ಕರೀತಾರಾ?"

ಹೆಂಡತಿ ಶಾಕಿರಾ ಒಲೆಯ ಮುಂದಿನಿಂದಲೇ ಕೇಳಿದಳು, "ಅವರು ನಿಮ್ಮನ್ನು ಮೊಯ್ದೀನ್ ಅಂತ ಪೂರ್ತಿ ಹೇಳುದಿಲ್ವಾ?"

"ಇಲ್ಲ. ಮೋ ಅಂತಾರೆ. ಮೋ, ಮಿನ್."

ಶಾಕಿರಾ ಸೌಟು ಕೆಳಗಿಟ್ಟಳು. "ಮೋಮಿನ್! ಒಳ್ಳೆಯ ವಿಶ್ವಾಸಿ ಅಂತ ಅಲ್ವಾ? ನೀವು ಶುಕ್ರವಾರ ನಮಾಜಿಗೆ ಹೋಗುದನ್ನು ನೋಡಿರ್ಬೇಕು. ಅದರಲ್ಲಿ ಬೇಜಾರು ಮಾಡುದೆಂತ?"

ಮೊಯ್ದೀನನಿಗೆ ಆ ರಾತ್ರಿಯ ಊಟ ರುಚಿಸಲಿಲ್ಲ. ಸ್ಕಾಟ್ಲೆಂಡಿನ ಎಣ್ಣೆಬಾವಿಯವನಿಗೆ ಮೋಮಿನ್ ಎಂಬ ಪದ ಎಲ್ಲಿ ಸಿಕ್ಕೀತು? ಸಿಕ್ಕಿದ್ದರೆ ಅದು ಗೌರವವೋ, ಗಡ್ಡದ ಮರೆಯ ನಗೆಯೋ? ಮೀನಾಗಿದ್ದರೆ ಕನಿಷ್ಠ ಏನು ಅಂದುಕೊಳ್ಳಬೇಕೆಂದಾದರೂ ಗೊತ್ತಿತ್ತು.

ಇಷ್ಟು ಸಾಲದೆಂಬಂತೆ ಆ ಶುಕ್ರವಾರ ಕಾಫಿ ಯಂತ್ರ ಕೆಟ್ಟಿತು. ಸ್ಯಾಂಡಿ ಅದರ ಬೆನ್ನಿಗೆ ಅಂಗೈಯಿಂದ ಹೊಡೆದು, "ಕಮ್ ಆನ್, ಮಿನ್!" ಎಂದು ಗದರಿದ್ದನ್ನು ಮೊಯ್ದೀನ್ ತನ್ನ ಕಿವಿಯಾರೆ ಕೇಳಿದ. ಯಂತ್ರ ಮೀನೂ ಅಲ್ಲ, ವಿಶ್ವಾಸಿಯೂ ಅಲ್ಲ.

ಅವನು ಸ್ಯಾಂಡಿಯಿಂದ ದೂರ ಸರಿಯತೊಡಗಿದ. ಫಿಕಾಕ್ಕೆ ತಡವಾಗಿ ಹೋಗುವುದು, ಸ್ಯಾಂಡಿ ಕುಳಿತಲ್ಲಿ ಕೂರದಿರುವುದು, ಕೆಲಸದ ಮಾತಿಗೆ ಮಾತ್ರ ಉತ್ತರಿಸುವುದು. ಸ್ಯಾಂಡಿಯ ಕೆಂಪು ಮುಖದಲ್ಲಿ ಒಂದು ಗೊಂದಲ ಕಾಣಿಸಿಕೊಂಡಿತು. ಒಂದು ದಿನ ಆತ ಮೊಯ್ದೀನನ ಮೇಜಿನ ಮೇಲೆ ಒಂದು ಪೊಟ್ಟಣ ಬಿಸ್ಕತ್ತು ಇಟ್ಟು ಏನೂ ಹೇಳದೆ ಹೋದ. ಮೊಯ್ದೀನನಿಗೆ ಅದೂ ಅರ್ಥವಾಗಲಿಲ್ಲ. ಅವನು ಅದನ್ನು ಬಿಚ್ಚಲಿಲ್ಲ.

ಡಿಸೆಂಬರಿನಲ್ಲಿ ವಿಭಾಗದ ಮುಖ್ಯಸ್ಥೆ ಅನ್ನಿಕಾ ಅವನನ್ನು ಒಂಟಿಯಾಗಿ ಕರೆದಳು. ವರ್ಷಕ್ಕೊಮ್ಮೆ ಎಲ್ಲರೊಂದಿಗೂ ನಡೆಸುವ ಮಾತುಕತೆ. ಕೆಲಸ ಹೇಗಿದೆ, ಮನಸ್ಸು ಹೇಗಿದೆ ಎಂದು ಕೇಳಿದಳು. ಅವಳ ದನಿ ಎಷ್ಟು ಮೃದುವಾಗಿತ್ತೆಂದರೆ ಮೊಯ್ದೀನನ ಬಾಯಿಂದ ಮಾತು ತಾನಾಗಿ ಬಂತು.

"ಸ್ಯಾಂಡಿ ನನ್ನನ್ನು ಮೀನು ಅಂತ ಕರೆಯುತ್ತಾನೆ."

ಅನ್ನಿಕಾ ಪೆನ್ನು ಕೆಳಗಿಟ್ಟಳು. "ಮೀನು? ಇಂಗ್ಲಿಷಿನಲ್ಲಾ?"

"ಇಲ್ಲ."

"ಸ್ವೀಡಿಷಿನಲ್ಲಾ?"

"ಇಲ್ಲ. ನನ್ನ ಭಾಷೆಯಲ್ಲಿ."

"ಅವನಿಗೆ ನಿನ್ನ ಭಾಷೆ ಬರುತ್ತದಾ?"

ಮೊಯ್ದೀನ್ ಯೋಚಿಸಿದ. ಇಷ್ಟು ದಿನ ಈ ಪ್ರಶ್ನೆಯನ್ನು ತಾನೇ ಕೇಳಿಕೊಂಡಿರಲಿಲ್ಲ ಎಂಬುದು ಅವನಿಗೇ ವಿಚಿತ್ರವೆನಿಸಿತು. "ಇಲ್ಲ," ಎಂದ.

ಅನ್ನಿಕಾ ಮತ್ತೆ ಪೆನ್ನು ಎತ್ತಿಕೊಂಡು, ತಾನು ಸ್ಯಾಂಡಿಯನ್ನು ಕೇಳಿ ನೋಡಲೇ ಎಂದಳು. ಬೇಡ ಬೇಡ ಎಂದು ಮೊಯ್ದೀನ್ ಎದ್ದು ಬಂದ. ಏನೆಂದು ಕೇಳುವುದು? ನೀನು ನಿನಗೆ ಬಾರದ ಭಾಷೆಯಲ್ಲಿ ಇವನನ್ನು ಬೈಯುತ್ತೀಯಾ ಎಂದೇ?

ಜನವರಿಯ ಒಂದು ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟ ಸ್ಯಾಂಡಿ ಬಸ್ ನಿಲ್ದಾಣದ ಹತ್ತಿರ ಗಟ್ಟಿಯಾದ ಮಂಜಿನ ಮೇಲೆ ಜಾರಿ ಬಿದ್ದ. ಅಂದು ಮೊಯ್ದೀನ್ ಕಾರು ತಂದಿದ್ದ. ನಿಲ್ದಾಣ ದಾಟುವಾಗ ಜನ ಗುಂಪುಗೂಡಿದ್ದು ಕಂಡು ನಿಲ್ಲಿಸಿದ. ಸ್ಯಾಂಡಿ ಹಿಮದಲ್ಲಿ ಕಾಲು ಚಾಚಿ ಕುಳಿತಿದ್ದ. ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಆಂಬುಲೆನ್ಸಿಗೆ ತಡವಾಗುತ್ತದೆ, ಆಸ್ಪತ್ರೆ ಹತ್ತಿರವಿದೆ, ಕಾರಿನಲ್ಲೇ ತನ್ನಿ ಎಂದು ಫೋನಿನಲ್ಲಿ ಹೇಳಿದರಂತೆ. ಇಬ್ಬರ ಸಹಾಯದಿಂದ ಅವನನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿದರು. ರಸ್ತೆಯ ಪ್ರತಿ ಏರಿಳಿತಕ್ಕೂ ಸ್ಯಾಂಡಿ, "ಓ ಮಿನ್, ಓ ಮಿನ್" ಎಂದು ನರಳುತ್ತಿದ್ದ. ಮೊಯ್ದೀನ್ ಸ್ಟಿಯರಿಂಗ್ ಬಿಗಿಯಾಗಿ ಹಿಡಿದುಕೊಂಡ. ಇಷ್ಟು ನೋವಿನಲ್ಲಿ ಯಾರೂ ಯಾರನ್ನೂ ಗೇಲಿ ಮಾಡಲಾರರು ಎಂದು ಮಾತ್ರ ಅವನಿಗೆ ಆಗ ಅನಿಸಿತು.

ಆಸ್ಪತ್ರೆಯಲ್ಲಿ ಅವನನ್ನು ಗಾಲಿ ಮಂಚಕ್ಕೆ ಹತ್ತಿಸಿದರು. ಮೊಯ್ದೀನ್ ಹಿಂದೆ ಸರಿಯುವಾಗ ಸ್ಯಾಂಡಿ ಅವನ ಕೋಟಿನ ತೋಳು ಹಿಡಿದ. "ಹೋಗ್ಬೇಡ, ಮಿನ್..." ಎಂದ. ಮರು ಉಸಿರಿನಲ್ಲೇ, "ಮನ್, ಎಂಥ ನೋವು!" ಎಂದ. ಎಲ್ಲವೂ ಅವನದೇ ಇಂಗ್ಲಿಷಿನಲ್ಲಿ.

ಪಕ್ಕದಲ್ಲಿದ್ದ ನರ್ಸಿಗೆ ಅದರಲ್ಲಿ ಎರಡೇ ಪದ ಸ್ಪಷ್ಟವಾಗಿ ಕೇಳಿದವು. ಮಿನ್, ಮನ್. ಸ್ವೀಡಿಷಿನಲ್ಲಿ ಮಿನ್ ಎಂದರೆ ನನ್ನ, ಮನ್ ಎಂದರೆ ಗಂಡಸು, ಗಂಡ ಎರಡೂ. ಅವಳು ಮುಗುಳ್ನಕ್ಕು ಮೊಯ್ದೀನನತ್ತ ತಿರುಗಿ ಸ್ವೀಡಿಷಿನಲ್ಲಿ ವೇಗವಾಗಿ ಏನೋ ಕೇಳಿದಳು. ಮೊಯ್ದೀನ್ ತಲೆಯಾಡಿಸಿ, "ಯಾ, ಯಾ" ಎಂದ. ಅವಳು ಅವನ ಹೆಸರು, ಫೋನ್ ನಂಬರು ಬರೆದುಕೊಂಡು ಒಳಗೆ ಬಿಟ್ಟಳು. ಕುರ್ಚಿ ಕೊಟ್ಟಳು. ಕಾಫಿ ಕೊಟ್ಟಳು. ವೈದ್ಯರು ಬಂದು ಎಕ್ಸ್‌ರೇ ತೋರಿಸಿ ಶಸ್ತ್ರಚಿಕಿತ್ಸೆಯ ಬಗ್ಗೆ ಅವನಿಗೇ ವಿವರಿಸಿದರು. ಸಹೋದ್ಯೋಗಿಗೆ ಇಷ್ಟೊಂದು ಉಪಚಾರ ಮಾಡುತ್ತಾರಲ್ಲ, ಒಳ್ಳೆಯ ದೇಶ ಎಂದುಕೊಂಡು ಅವನು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋಗಿದ್ದಾಗ ಫೋನ್ ಬಂತು. ಸಹರ್ ಎತ್ತಿಕೊಂಡಳು. ಸ್ವಲ್ಪ ಹೊತ್ತು ಕೇಳಿ, ಫೋನಿಗೆ ಕೈ ಅಡ್ಡ ಹಿಡಿದು ಕೂಗಿದಳು.

"ಉಮ್ಮ, ಆಸ್ಪತ್ರೆಯಿಂದ. ಸ್ಯಾಂಡಿಯ ಗಂಡ ಇದ್ದಾರಾ ಅಂತ ಕೇಳ್ತಿದಾರೆ."

"ಯಾರ ಗಂಡ?"

"ಸ್ಯಾಂಡಿಯ."

"ಸ್ಯಾಂಡಿ ಗಂಡಸಲ್ವಾ?"

"ಹೌದು. ಅವರಿಗೂ ಗಂಡ ಇರ್ಬಹುದು. ನಮ್ಮ ಸ್ಕೂಲಿನ ಸರ್‌ಗೆ ಇದಾರೆ."

"ರಾಂಗ್ ನಂಬರ್ ಅಂತ ಹೇಳು."

ಸಹರ್ ಮತ್ತೆ ಫೋನಿನಲ್ಲಿ ಮಾತಾಡಿದಳು. ಅವಳ ಕಣ್ಣು ಅಗಲವಾದವು. "ಉಮ್ಮ, ಹೆಸರೂ ಹೇಳ್ತಿದಾರೆ. ಮೊಯ್ದೀನ್ ಅಂತೆ."

ಶಾಕಿರಾ ಬಚ್ಚಲಿನ ಬಾಗಿಲು ಬಡಿದಳು. "ಬೇಗ ಹೊರಗೆ ಬನ್ನಿ! ನೀವು ನಿನ್ನೆ ಆಸ್ಪತ್ರೆಯಲ್ಲಿ ಎಂತ ಹೇಳಿ ಬಂದ್ರಿ?"

ಟವೆಲು ಸುತ್ತಿಕೊಂಡು ಬಂದ ಮೊಯ್ದೀನ್ ಮಗಳ ಮಾತು ಕೇಳಿ ಗೋಡೆಗೆ ಒರಗಿ ನಿಂತ. "ನಾನು ಯಾ ಅಂದೆ," ಎಂದ.

"ಯಾವುದಕ್ಕೆ?"

"ಗೊತ್ತಿಲ್ಲ."

ಕೊನೆಗೆ ಮೂವರೂ ಕಾರು ಹತ್ತಿದರು. ಶಾಕಿರಾ ದಾರಿಯುದ್ದಕ್ಕೂ ಮುಂದೆ ನೋಡಿಕೊಂಡೇ ಕುಳಿತಿದ್ದಳು. ನಗುತ್ತಿದ್ದಾಳೋ ಸಿಟ್ಟಾಗಿದ್ದಾಳೋ ಮೊಯ್ದೀನನಿಗೆ ತಿಳಿಯಲಿಲ್ಲ. ಬಾಗಿಲಲ್ಲೇ ಹಿಂದಿನ ದಿನದ ನರ್ಸು ಸಿಕ್ಕಿದಳು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೆಂದು ತಿಳಿಸಲು ಫೋನ್ ಮಾಡಿದ್ದಂತೆ. ಅವಳು ಶಾಕಿರಾಳ ಕೈ ಕುಲುಕಿ, ನೀವು ಇವರ ತಂಗಿಯೇ ಎಂದು ಕೇಳಿದಳು. ಶಾಕಿರಾಗೆ ಅಷ್ಟು ಸ್ವೀಡಿಷ್ ಬರುತ್ತಿತ್ತು. ಅವಳು ಗಂಡನ ಮುಖ ನೋಡಿದಳು.

ಒಳಗೆ ಸ್ಯಾಂಡಿ ದಿಂಬಿಗೆ ಒರಗಿ, ಕಾಲು ಎತ್ತರಕ್ಕೆ ಇಟ್ಟುಕೊಂಡು, ಎದೆಯ ಮೇಲಿನ ಫೋನಿನಲ್ಲಿ ಮಾತಾಡುತ್ತಿದ್ದ. ಸ್ಪೀಕರ್ ಹಾಕಿತ್ತು. ಆ ಕಡೆಯಿಂದ ಒಂದು ಮುದಿ ದನಿ ಬರುತ್ತಿತ್ತು.

"ಫಿಟ್ ಲೈಕ್ ದ ಡೇ, ಮಿನ್?"

"ನೇ ಬ್ಯಾಡ್, ಮಿನ್," ಎಂದ ಸ್ಯಾಂಡಿ. ಬಂದವರನ್ನು ಕಂಡು ಕೈಬೀಸಿದ. "ನಮ್ಮಪ್ಪ. ಎಂಬತ್ತನಾಲ್ಕು. ಊರಿಂದ." ಎರಡು ಮಾತು ಆಡಿ ಫೋನ್ ಇಟ್ಟ.

ಮೊಯ್ದೀನ್ ಬಾಗಿಲ ಬಳಿಯೇ ನಿಂತುಬಿಟ್ಟಿದ್ದ. "ನಿಮ್ಮ ತಂದೆ ನಿಮ್ಮನ್ನೂ ಮಿನ್ ಅಂತಾರಾ?"

"ಮತ್ತೇನಂತಾರೆ?"

"ನೀವು ಅವರನ್ನೂ?"

"ಹೌದು. ಯಾಕೆ?"

"ಮಿನ್ ಅಂದರೆ ಏನು?"

ಈಗ ಗೊಂದಲಗೊಳ್ಳುವ ಸರದಿ ಸ್ಯಾಂಡಿಯದು. "ಮನುಷ್ಯ," ಎಂದ. "ಗಂಡಾಳು. ಇಂಗ್ಲಿಷಿನವರ ಮ್ಯಾನ್. ನಮ್ಮ ಕಡೆ ಮಿನ್ ಅಂತೀವಿ. ದಕ್ಷಿಣಕ್ಕೆ, ಪಶ್ಚಿಮಕ್ಕೆ ಹೋದರೆ ಮೋನ್ ಅನ್ನೋರೂ ಇದ್ದಾರೆ. ನೋವಾದರೆ, ಆಶ್ಚರ್ಯವಾದರೆ ನಾನೇ ಮನ್ ಅಂತೀನಿ. ಗುರುತಿಲ್ಲದವನಾದರೆ ಮನ್ನಿ. ಅಂಚೆಯ ಮನ್ನಿ, ಗ್ಯಾಸಿನ ಮನ್ನಿ. ಮನ್ನಿ ಅಂದರೆ ಪುಟ್ಟ ಮನುಷ್ಯ, ಆದರೆ ಆರಡಿ ಎತ್ತರ ಇದ್ದರೂ ಮನ್ನಿಯೇ."

"ಫಿಟ್ ಲೈಕ್?"

"ಹೇಗಿದ್ದೀಯಾ ಅಂತ. ನಾನು ಮೂರು ತಿಂಗಳಿಂದ ದಿನಾ ಕೇಳ್ತಿದ್ದೀನಿ. ನೀನು ತಲೆ ಆಡಿಸ್ತೀಯಾ, ಉತ್ತರ ಕೊಡಲ್ಲ. ಇಲ್ಲಿನವರ ಜೊತೆ ಪುಸ್ತಕದ ಇಂಗ್ಲಿಷ್ ಆಡಿ ಆಡಿ ನನ್ನ ದವಡೆ ನೋಯುತ್ತೆ. ನೀನೊಬ್ಬ ತಲೆ ಆಡಿಸ್ತಿದ್ದೆ. ನಿನಗೆ ಅರ್ಥವಾಗ್ತಿದೆ ಅಂದ್ಕೊಂಡು ನಿನ್ನ ಜೊತೆ ಮಾತ್ರ ಊರಿನ ಮಾತು ಆಡ್ತಿದ್ದೆ."

ಮೊಯ್ದೀನ್ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತ. ಮೆಲ್ಲಗೆ ಎಲ್ಲವನ್ನೂ ಹೇಳಿದ. ಮೀನು, ಹಾಸ್ಟೆಲ್ಲು, ಬಾಯಿಯ ಹಾರ್ನು. ಸ್ಯಾಂಡಿ ನಗಲಿಲ್ಲ. ಗಡ್ಡ ಕೆರೆದುಕೊಳ್ಳುತ್ತಾ ಕೇಳಿದ. ಕೊನೆಗೆ, "ಆದರೆ ಮೀನು ಅಂದರೆ ಏನು ತಪ್ಪು?" ಎಂದು ಕೇಳಿದ. "ನಮ್ಮೂರಲ್ಲಿ ಎಲ್ಲರೂ ಮೀನಿನವರೇ."

ಮೊಯ್ದೀನ್ ಉತ್ತರಿಸಲು ಹೋದ. ಜಾತಿ, ವಾಸನೆ, ಹಾಸ್ಟೆಲ್ಲಿನ ಊಟದ ಪಂಕ್ತಿ, ಯಾವುದರಿಂದ ಶುರುಮಾಡುವುದೆಂದು ತೋಚದೆ ನಿಲ್ಲಿಸಿದ. "ಹೇಳುವುದು ಕಷ್ಟ," ಎಂದ.

ಅಷ್ಟರಲ್ಲಿ ನರ್ಸು ಔಷಧಿ ತಂದಳು. ಸಹರ್ ಅವಳನ್ನು ತಡೆದು ಸ್ವೀಡಿಷಿನಲ್ಲಿ ವಿಷಯ ಸರಿಪಡಿಸಲು ಹೊರಟಳು. ಇವರು ಅವರ ಗಂಡ ಅಲ್ಲ, ಸ್ಯಾಂಡಿಯ ಊರಿನಲ್ಲಿ ಮಿನ್ ಎಂದರೆ ಮನ್ ಎಂದು ಅರ್ಥ, ಎಂದಳು.

"ಸರಿಯಮ್ಮ," ಎಂದಳು ನರ್ಸು ತಾಳ್ಮೆಯಿಂದ. "ಮಿನ್ ಮನ್."

"ಅಲ್ಲ, ಅಲ್ಲ! ಮಿನ್ ಅಂದ್ರೇನೇ ಮನ್!"

"ಅದನ್ನೇ ನಾನೂ ಹೇಳಿದ್ದು," ಎಂದು ನರ್ಸು ಹುಡುಗಿಯ ತಲೆ ಸವರಿ ಹೋದಳು. ಆಗ ಮಾತ್ರ ಶಾಕಿರಾ ಬಾಯಿಗೆ ಶಾಲು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಹಿಂದಿರುಗುವಾಗ ಮೊಯ್ದೀನ್ ಕೇಳಿದ, "ಅಪ್ಪ ಮಗನನ್ನು, ಮಗ ಅಪ್ಪನನ್ನು, ಕಾಫಿ ಯಂತ್ರವನ್ನು, ಎಲ್ಲರನ್ನೂ ಒಂದೇ ಪದದಲ್ಲಿ ಕರೆಯುದುಂಟಾ?"

"ಯಾಕಿಲ್ಲ? ಗೋಪಾಲಣ್ಣ ನಿಮ್ಮನ್ನು ಗುರು ಅಂತಾರೆ. ನೀವು ಅವರಿಗೆ ಪಾಠ ಮಾಡ್ತೀರಾ?" ಎಂದಳು ಶಾಕಿರಾ. "ಊರಲ್ಲಿ ನೀವೇ ಕರೀತಿದ್ರಲ್ಲ. ಎಂತ ಮಾರಾಯ, ಅಂತ. ಆಟೋದವನಿಗೂ ಮಾರಾಯ, ಕರೆಂಟು ಹೋದ್ರೂ ಮಾರಾಯ."

ಮೊಯ್ದೀನ್ ಕಾರು ನಿಧಾನಿಸಿದ. ಅದು ಸತ್ಯ. ಆದರೆ ಆ ಪದ ಅವನ ಬಾಯಿಂದ ಬಂದು ವರ್ಷಗಳೇ ಆಗಿದ್ದವು. ಸ್ವೀಡನ್ನಿಗೆ ಬಂದ ಹೊಸದರಲ್ಲಿ ಯೋನ್‌ಶೋಪಿಂಗ್ ಎಂಬ ಊರಿನ ಒಂದು ಕನ್ನಡ ಕೂಟದಲ್ಲಿ ಅವನು ಹಾಗೆ ಅಂದಾಗ ಬೆಂಗಳೂರಿನ ಗೆಳೆಯರು ಅವನ ದನಿಯನ್ನೇ ಅನುಕರಿಸಿ ನಕ್ಕಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ಅಂದಿನಿಂದ ಅವನು ಕನ್ನಡದವರ ನಡುವೆ ಅಳೆದು ಮಾತಾಡುತ್ತಿದ್ದ. ಸ್ಯಾಂಡಿಯ ದವಡೆ ನೋವು ಅವನಿಗೆ ಆಗ ಸ್ವಲ್ಪ ಅರ್ಥವಾಯಿತು.

ಸ್ಯಾಂಡಿಗೆ ಕೋಲು ಹಿಡಿದು ಓಡಾಡುವಂತಾದ ಮೇಲೆ ಮೊಯ್ದೀನನೇ ಅವನನ್ನು ದಿನವೂ ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದ. ಮೊದಮೊದಲು ದಾರಿಯಲ್ಲಿ ಮಾತು ಹೊಂದುತ್ತಿರಲಿಲ್ಲ. ಈಗ ಅರ್ಥವಾಗದ್ದಕ್ಕೆಲ್ಲ ಮೊಯ್ದೀನ್ ಧೈರ್ಯ ಮಾಡಿ ಏನದು ಎಂದು ಕೇಳುತ್ತಿದ್ದ. ಕೇಳಿದಷ್ಟೂ ಅರ್ಥವಾಗದ್ದು ಇನ್ನೂ ಇದೆಯೆಂದು ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಸ್ಯಾಂಡಿ ಕೇಳಿದ, "ನಿಮ್ಮಲ್ಲಿ ಮಿನ್‌ಗೆ ಏನಂತಾರೆ?"

"ಮಾರಾಯ."

"ಮಾರಿಯಾ?"

"ಮಾರಾಯ. ದೊಡ್ಡವರಾದರೆ ಮಾರಾಯ್ರೆ. ನೀವು ನನಗಿಂತ ದೊಡ್ಡವರು, ನಾನು ನಿಮಗೆ ಮಾರಾಯ್ರೆ ಅನ್ನಬೇಕು. ನೀವು ನನಗೆ ಮಾರಾಯ ಅನ್ನಬಹುದು."

ಸ್ಯಾಂಡಿ ಬಹಳ ಹೊತ್ತು ಅಭ್ಯಾಸ ಮಾಡಿದ. ಆ ದಿನದ ಫಿಕಾದಲ್ಲಿ ಎಲ್ಲರೂ ಕುಳಿತಿದ್ದಾಗ ಬಾಗಿಲಲ್ಲಿ ಕೋಲೂರಿ ನಿಂತು ಗಟ್ಟಿಯಾಗಿ ಕೂಗಿದ, "ಎಂತ, ಮಾರಿಯಾ!"

ಕೋಣೆಯಲ್ಲಿದ್ದ ಇಬ್ಬರು ಮಾರಿಯಾಗಳು ತಲೆಯೆತ್ತಿದರು. ಸ್ಯಾಂಡಿ ಅವರನ್ನು ದಾಟಿ ಬಂದು ಮೊಯ್ದೀನನ ಪಕ್ಕ ಕುಳಿತ.

ಮಧ್ಯಾಹ್ನ ಅನ್ನಿಕಾ ಮೊಯ್ದೀನನ ಮೇಜಿಗೆ ಬಂದಳು. "ಅವನು ನಿನ್ನನ್ನು ಈಗ ಹೆಂಗಸಿನ ಹೆಸರಿನಿಂದ ಕರೆಯುತ್ತಿದ್ದಾನೆ. ನಿನಗೆ ಪರವಾಗಿಲ್ಲವಾ?"

"ಅದು ಗಂಡಸಿನ ಪದ. ನಾನೇ ಹೇಳಿಕೊಟ್ಟಿದ್ದು."

"ಏನು ಅರ್ಥ?"

"ಮೂಲದಲ್ಲಿ ಮಹಾರಾಯ. ದೊಡ್ಡ ರಾಜ."

"ಅವನು ನಿನ್ನನ್ನು ರಾಜ ಅನ್ನುತ್ತಾನಾ?"

"ಹಾಗಲ್ಲ. ಎಲ್ಲರನ್ನೂ ಅನ್ನಬಹುದು. ಕಾಫಿ ಯಂತ್ರವನ್ನೂ."

ಅನ್ನಿಕಾ ಮೆಲ್ಲಗೆ ತಲೆಯಾಡಿಸಿ, "ಸರಿ, ಸರಿ," ಎಂದು ಹೋದಳು.

ಸ್ಯಾಂಡಿಯ ಗುತ್ತಿಗೆ ಜೂನ್‌ನಲ್ಲಿ ಮುಗಿಯಿತು. ಅಪ್ಪನಿಗೆ ಆರೋಗ್ಯ ಚೆನ್ನಾಗಿಲ್ಲವೆಂದು ಊರಿಗೇ ಹೊರಟ. ರೈಲು ನಿಲ್ದಾಣದಲ್ಲಿ ಮೊಯ್ದೀನನ ಮನೆಯವರೆಲ್ಲ ಬಂದಿದ್ದರು, ಗೋಪಾಲನೂ ಬಂದಿದ್ದ. ರೈಲು ಹತ್ತು ನಿಮಿಷ ತಡ ಎಂದು ಫಲಕದಲ್ಲಿ ಬಂತು. ಮೊಯ್ದೀನ್ ಅದನ್ನು ನೋಡಿ, "ಎಂತದು ಮಾರಾಯ ಇದು!" ಎಂದುಬಿಟ್ಟ. ಗೋಪಾಲ ತಿರುಗಿ ನೋಡಿದ. ಆದರೆ ನಗಲಿಲ್ಲ. ಸ್ವೀಡನ್ನಿನ ರೈಲುಗಳನ್ನು ಬೈಯಲು ಅದೇ ಸರಿಯಾದ ಪದ ಎಂದು ಅವನಿಗೂ ಅನಿಸಿರಬೇಕು.

ರೈಲು ಬಂದಾಗ ಮೊಯ್ದೀನ್ ಸ್ಯಾಂಡಿಯ ಚೀಲ ಹತ್ತಿಸಿಕೊಟ್ಟ. ಮಿನ್ ಎನ್ನಲು ಬಾಯಿ ತೆರೆದ. ತನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಹಾಗೆ ಕರೆಯಬಹುದೇ, ಮಿನ್‌ಗೂ ಒಂದು ಬಹುವಚನ ಇದೆಯೇ ಎಂದು ಈ ಐದು ತಿಂಗಳಲ್ಲಿ ಕೇಳುವುದು ಮರೆತೇಹೋಗಿತ್ತು. ಅವನು ಯೋಚಿಸುತ್ತಿರುವಾಗಲೇ ಬಾಗಿಲು ಮುಚ್ಚಿಕೊಂಡಿತು.